ಹನಿ ನೀರಿನಲ್ಲಿ ಸಾವಿರ ಜೀವ ಕಂಡ ಹೆಕೆಲ್, ಮನುಷ್ಯರನ್ನು ಮಾತ್ರ ಏಣಿ ಹತ್ತಿಸಿದ

ಭೂಮಿಯ ಮೇಲೆ ಪ್ರತಿವರ್ಷ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಾಡಿನಲ್ಲಿ ನಡೆಯೋದಿಲ್ಲ, ಹೊಲದಲ್ಲೂ ನಡೆಯೋದಿಲ್ಲ. ಅದು ನಡೆಯೋದು ಸಮುದ್ರದ ಮೇಲ್ಪದರದಲ್ಲಿ ತೇಲಿಕೊಂಡಿರುವ, ಬರಿಗಣ್ಣಿಗೆ ಕಾಣದ ಜೀವಿಗಳ ಒಳಗೆ. ಇವುಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದರೆ ನೆಲದ ಮೇಲಿನ ಗಿಡಮರಗಳ ತೂಕದ ಶೇ.1ರಷ್ಟೂ ಆಗಲ್ಲ. ಆದರೂ ಕೆಲಸದಲ್ಲಿ ಸರಿಸಮ. ಯಾಕಂದ್ರೆ ಒಂದು ಮರ ನೂರು ವರ್ಷ ಬದುಕಿದರೆ, ಇವು ಕೆಲವೇ ದಿನಗಳಲ್ಲಿ ಹುಟ್ಟಿ, ಎರಡಾಗಿ ಒಡೆದು, ಯಾರದ್ದೋ ಹೊಟ್ಟೆ ಸೇರಿರುತ್ತವೆ.

ನಮ್ಮ ಶಾಲೆಯ ಪಠ್ಯದಲ್ಲಿ ಇವಕ್ಕೆ ಪ್ಲವಕ ಅನ್ನೋ ಹೆಸರಿದೆ. ಪ್ಲಾಂಕ್ಟನ್ ಅಂದ್ರೆ ಹೆಚ್ಚು ಜನಕ್ಕೆ ಗೊತ್ತಾಗಬಹುದು. ಅಲೆದಾಡುವುದು ಅನ್ನೋ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರು ಇದು. ಪ್ರವಾಹಕ್ಕೆ ಎದುರಾಗಿ ಈಜಲಾರದೆ ನೀರು ಕರೆದೊಯ್ದ ಕಡೆ ಹೋಗುವ ಎಲ್ಲವೂ ಪ್ಲಾಂಕ್ಟನ್. ಅದರಲ್ಲಿ ಬಿಸಿಲು ತಿಂದು ಬದುಕುವ ಪಾಚಿ, ಬ್ಯಾಕ್ಟೀರಿಯಾಗಳಿವೆ. ಅವನ್ನು ತಿನ್ನುವ ಏಕಕೋಶ ಜೀವಿಗಳು, ಪುಟ್ಟ ಸೀಗಡಿಯಂಥವು, ಮೀನಿನ ಮರಿಗಳು, ಲೋಳೆಮೀನುಗಳೂ ಇವೆ.

ಈ ಲೋಕದ ವೈವಿಧ್ಯವನ್ನು ಜಗತ್ತಿನ ಕಣ್ಣಿಗೆ ಕಾಣಿಸಿದವರಲ್ಲಿ ಮೊದಲ ಸಾಲಿನಲ್ಲಿ ಬರುವ ಹೆಸರು ಜರ್ಮನಿಯ ಎರ್ನ್ಸ್ಟ್ ಹೆಕೆಲ್. ಪರಿಸರ ವಿಜ್ಞಾನಕ್ಕೆ ಇಕಾಲಜಿ ಅಂತ ಹೆಸರಿಟ್ಟವನೂ ಅವನೇ. ಇನ್‌ಸ್ಟಾಗ್ರಾಮ್‌ನಲ್ಲಿ, ಟೀಶರ್ಟ್‌ಗಳ ಮೇಲೆ, ಮೊಬೈಲ್ ಕವರ್‌ಗಳ ಮೇಲೆ ಅವನು ಬಿಡಿಸಿದ ಲೋಳೆಮೀನು, ರೇಡಿಯೋಲೇರಿಯ ಚಿತ್ರಗಳನ್ನು ನೀವು ಹೆಸರು ಗೊತ್ತಿಲ್ಲದೆಯೇ ನೋಡಿರುತ್ತೀರಿ. ಅದೇ ಹೆಕೆಲ್ ಮನುಷ್ಯರನ್ನು ಮೇಲು ಕೀಳು ಪ್ರಭೇದಗಳಾಗಿ ಒಡೆದು, ಆ ಪಟ್ಟಿಗೆ ವಿಜ್ಞಾನದ ಮೊಹರು ಒತ್ತಿದ. ಈ ಎರಡೂ ಒಬ್ಬನೇ ಮನುಷ್ಯನ ಕೆಲಸ. ಒಂದನ್ನು ಹೇಳಿ ಇನ್ನೊಂದನ್ನು ಬಿಡೋದು ನಮ್ಮಂಥವರಿಗೆ, ಅಂದ್ರೆ ವಿಜ್ಞಾನದ ಪರ ನಿಲ್ಲುತ್ತೇವೆ ಅನ್ನುವವರಿಗೆ, ಒಳ್ಳೆಯದಲ್ಲ ಅಂತ ನನಗನ್ನಿಸುತ್ತದೆ.

ವೈದ್ಯನಾಗಲು ಒಲ್ಲದ ಹುಡುಗ

ಹೆಕೆಲ್ ಹುಟ್ಟಿದ್ದು 1834ರ ಫೆಬ್ರವರಿ 16ರಂದು, ಪಾಟ್ಸ್‌ಡಾಮ್‌ನಲ್ಲಿ. ಅಪ್ಪ ಸರ್ಕಾರಿ ಅಧಿಕಾರಿ. ಮಗ ಡಾಕ್ಟರ್ ಆಗಬೇಕು ಅನ್ನೋದು ಅಪ್ಪನ ಹಟ. ಮಗನಿಗೆ ಗಿಡಗಳ ಹುಚ್ಚು, ಚಿತ್ರದ ಹುಚ್ಚು. ನಮ್ಮಲ್ಲಿ ಅರ್ಧ ಜನರ ಕತೆಯೇ ಇದು ಬಿಡಿ. ಬರ್ಲಿನ್, ವುರ್ಟ್ಸ್‌ಬುರ್ಗ್, ವಿಯೆನ್ನಾಗಳಲ್ಲಿ ವೈದ್ಯಕೀಯ ಓದಿದ. 1858ರಲ್ಲಿ ಪ್ರಾಕ್ಟೀಸ್ ಮಾಡುವ ಪರವಾನಗಿಯೂ ಸಿಕ್ಕಿತು. ರೋಗಿಗಳು ಬರಬಾರದು ಅಂತಲೇ ಬೆಳಗಿನ ಜಾವ 5ರಿಂದ 6ರವರೆಗೆ ಮಾತ್ರ ಕ್ಲಿನಿಕ್ ತೆರೆಯುತ್ತಿದ್ದ ಅನ್ನೋ ಕತೆ ಅವನ ಬಗ್ಗೆ ಚಾಲ್ತಿಯಲ್ಲಿದೆ.

ಅವನ ದಾರಿ ಬದಲಾಗಿದ್ದು ಅದಕ್ಕೂ ಮೊದಲು, 1854ರಲ್ಲಿ. ಬರ್ಲಿನ್‌ನ ಪ್ರಸಿದ್ಧ ಶರೀರವಿಜ್ಞಾನಿ ಯೊಹಾನೆಸ್ ಮುಲ್ಲರ್, ಈ 20ರ ಹುಡುಗನನ್ನು ಉತ್ತರ ಸಮುದ್ರದ ಹೆಲಿಗೋಲ್ಯಾಂಡ್ ದ್ವೀಪಕ್ಕೆ ಕರೆದುಕೊಂಡು ಹೋದರು. ದೋಣಿಯ ಹಿಂದೆ ಬಲು ಸಣ್ಣ ಕಣ್ಣಿನ ಬಲೆ ಎಳೆಯೋದು, ಬಲೆಯಲ್ಲಿ ಉಳಿದದ್ದನ್ನು ಗಾಜಿನ ಪಾತ್ರೆಯ ನೀರಿಗೆ ಜಾಡಿಸೋದು, ಸೂಕ್ಷ್ಮದರ್ಶಕದ ಕೆಳಗೆ ನೋಡೋದು. ಇಷ್ಟೇ ವಿಧಾನ. ಕಂಡದ್ದು ಮಾತ್ರ ಯಾರೂ ಪಟ್ಟಿ ಮಾಡಿರದ ಲೋಕ.

1859ರಲ್ಲಿ ಹೆಕೆಲ್ ಇಟಲಿಗೆ ಹೋದ. ಅಲ್ಲಿ ಸ್ವಲ್ಪ ದಿನ ವಿಜ್ಞಾನ ಬಿಟ್ಟು ಚಿತ್ರಕಾರನಾಗುವ ಯೋಚನೆಯೂ ಬಂದಿತ್ತು. ಕೊನೆಗೆ ಸಿಸಿಲಿಯ ಮೆಸ್ಸಿನಾ ಬಂದರಿನಲ್ಲಿ ನೆಲೆನಿಂತ. ಅಲ್ಲಿ ಸಮುದ್ರದ ಪ್ರವಾಹಗಳು ತೇಲುಜೀವಿಗಳನ್ನು ದಡದ ಹತ್ತಿರಕ್ಕೆ ತಂದು ಹಾಕುತ್ತವೆ. ದಿನಾ ಬೆಳಿಗ್ಗೆ ಬಲೆ, ಆಮೇಲೆ ಸೂಕ್ಷ್ಮದರ್ಶಕ, ಜೊತೆಗೆ ಪೆನ್ಸಿಲ್. ಮುಲ್ಲರ್ ಕೊನೆಗಾಲದಲ್ಲಿ ಅಧ್ಯಯನ ಮಾಡುತ್ತಿದ್ದ ರೇಡಿಯೋಲೇರಿಯ ಗುಂಪನ್ನೇ ಶಿಷ್ಯ ಹಿಡಿದುಕೊಂಡ. ಒಂದೇ ಚಳಿಗಾಲದಲ್ಲಿ 144 ಹೊಸ ಪ್ರಭೇದಗಳು ಸಿಕ್ಕವು. 1862ರಲ್ಲಿ ಬಂದ ಅವನ ದೊಡ್ಡ ಗ್ರಂಥದಲ್ಲಿ 35 ಚಿತ್ರಪಟಗಳಿದ್ದವು. ಅದನ್ನು ನೋಡಿದವರಿಗೆ ಈತ ವಿಜ್ಞಾನಿಯೋ ಕಲಾವಿದನೋ ಅನ್ನೋ ಅನುಮಾನ ಬಂದಿದ್ದರೆ ಆಶ್ಚರ್ಯವಿಲ್ಲ.

ರೇಡಿಯೋಲೇರಿಯ ಅಂದ್ರೆ ಏನು ಅಂತ ಇಲ್ಲೇ ಹೇಳಿಬಿಡುತ್ತೇನೆ. ಇದು ಒಂದೇ ಕೋಶದ ಜೀವಿ. ಹೆಚ್ಚಿನವು ಒಂದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ದೊಡ್ಡವು. ಬಹುಪಾಲು ರೇಡಿಯೋಲೇರಿಯಗಳು ಸಮುದ್ರದ ನೀರಿನಲ್ಲಿ ಕರಗಿರುವ ಸಿಲಿಕಾವನ್ನು ಹೀರಿ ಮೈಯೊಳಗೆ ಗಾಜಿನ ಅಸ್ಥಿಪಂಜರ ಕಟ್ಟಿಕೊಳ್ಳುತ್ತವೆ. ಗೋಲದೊಳಗೆ ಗೋಲ, ಜಾಲರಿ, ಮುಳ್ಳು, ಗಂಟೆ, ಶಿರಸ್ತ್ರಾಣ, ಹೀಗೆ ನೂರಾರು ಆಕಾರ. ಸೂಜಿಯಂಥ ತೆಳು ಕಾಲುಗಳನ್ನು ಹೊರಚಾಚಿ ಡಯಾಟಮ್, ಬ್ಯಾಕ್ಟೀರಿಯಾ, ಪುಟ್ಟ ಜೀವಿಗಳನ್ನು ಹಿಡಿದು ತಿನ್ನುತ್ತವೆ. ಸತ್ತ ಮೇಲೆ ಅಸ್ಥಿಪಂಜರ ನಿಧಾನಕ್ಕೆ ತಳಕ್ಕೆ ಇಳಿಯುತ್ತದೆ. ಸುಣ್ಣದ ಚಿಪ್ಪುಗಳು ಕರಗಿಹೋಗುವಷ್ಟು ಆಳದಲ್ಲೂ ಗಾಜು ಉಳಿಯುತ್ತದೆ. ಹಾಗಾಗಿ ಆಳ ಸಾಗರದ ಕೆಲವು ಕಡೆ ತಳದ ಕೆಸರೆಲ್ಲ ಇವುಗಳ ಎಲುಬೇ. 50 ಕೋಟಿ ವರ್ಷಗಳಿಗೂ ಹಳೆಯ ಬಂಡೆಗಳಲ್ಲಿ ಇವುಗಳ ಪಳೆಯುಳಿಕೆ ಸಿಗುತ್ತದೆ.

ಡಾರ್ವಿನ್, ಆನ್ನಾ ಮತ್ತು ಒಂದು ಹೊಸ ಪದ

ಮೆಸ್ಸಿನಾದಿಂದ ಮರಳಿದ ಮೇಲೆ ಹೆಕೆಲ್ ಡಾರ್ವಿನ್‌ನ ಪ್ರಭೇದಗಳ ಉಗಮ ಪುಸ್ತಕದ ಜರ್ಮನ್ ಅನುವಾದ ಓದಿದ. ಮೇಜಿನ ಮೇಲೆ ನೂರಾರು ರೇಡಿಯೋಲೇರಿಯ ಚಿತ್ರಗಳಿದ್ದವು. ಒಂದಕ್ಕೂ ಇನ್ನೊಂದಕ್ಕೂ ನಡುವಿನ ರೂಪಗಳು ಸಾಲು ಸಾಲು. ಇವೆಲ್ಲ ಬೇರೆ ಬೇರೆಯಾಗಿ ಸೃಷ್ಟಿಯಾದವು ಅಂತ ನಂಬೋದು ಅವನಿಗೆ ಸಾಧ್ಯವಾಗಲಿಲ್ಲ. 1862ರ ಗ್ರಂಥದಲ್ಲೇ ಡಾರ್ವಿನ್ ಪರ ನಿಂತ. ಆಗ ಜರ್ಮನಿಯ ಹಿರಿಯ ವಿಜ್ಞಾನಿಗಳಲ್ಲಿ ಹೆಚ್ಚಿನವರು ಇನ್ನೂ ಹಿಂದೆ ಮುಂದೆ ನೋಡುತ್ತಿದ್ದರು.

ಅದೇ ವರ್ಷ ಯೇನಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು, ಸೋದರ ಸಂಬಂಧಿ ಆನ್ನಾ ಸೇಟೆಯ ಜೊತೆ ಮದುವೆಯಾಯಿತು. 1864ರ ಫೆಬ್ರವರಿ 16, ಅವನ 30ನೇ ಹುಟ್ಟುಹಬ್ಬ. ರೇಡಿಯೋಲೇರಿಯ ಕೆಲಸಕ್ಕೆ ದೊಡ್ಡ ಪದಕ ಬಂದಿದೆ ಅನ್ನೋ ಸುದ್ದಿ ತಲುಪಿದ ದಿನ. ಆನ್ನಾ ತೀರಿಕೊಂಡದ್ದೂ ಅದೇ ದಿನ. ಹೆಕೆಲ್ ಕುಸಿದುಹೋದ. ಮನೆಯವರು ಅವನನ್ನು ಮೆಡಿಟರೇನಿಯನ್ ಕಡಲ ತೀರಕ್ಕೆ ಕಳಿಸಿದರು. ಅಲ್ಲಿ ನೀರಿನಲ್ಲಿ ತೇಲುತ್ತಿದ್ದ ಒಂದು ಲೋಳೆಮೀನಿನ ಎಳೆಗಳು ಆನ್ನಾಳ ಕೂದಲನ್ನು ನೆನಪಿಸಿದವು. ಆ ಪ್ರಭೇದಕ್ಕೆ ಅವಳ ಹೆಸರಿಟ್ಟ. ಹಲವು ವರ್ಷಗಳ ನಂತರ ಇನ್ನೊಂದು ಲೋಳೆಮೀನಿಗೂ ಅವಳ ಪೂರ್ತಿ ಹೆಸರನ್ನೇ ಇಟ್ಟ. ಅಷ್ಟರಲ್ಲಿ ಆಗ್ನೆಸ್ ಹುಶ್ಕೆಯ ಜೊತೆ ಎರಡನೇ ಮದುವೆಯಾಗಿ ಬಹಳ ವರ್ಷವಾಗಿತ್ತು.

ದುಃಖವನ್ನು ಕೆಲಸದಲ್ಲಿ ಮುಳುಗಿಸಿದ ಅವನು 1866ರಲ್ಲಿ ಎರಡು ಸಂಪುಟಗಳ ಜನರಲ್ ಮಾರ್ಫಾಲಜಿ ಬರೆದ. ಓದಲು ಕಬ್ಬಿಣದ ಕಡಲೆ. ಆದರೆ ಅದರಲ್ಲಿ ಇಕಾಲಜಿ ಅನ್ನೋ ಪದ ಮೊದಲ ಬಾರಿ ಬಂತು. ಮನೆ ಅನ್ನೋ ಗ್ರೀಕ್ ಪದದಿಂದ ಕಟ್ಟಿದ ಹೆಸರು. ಜೀವಿಗೂ ಅದರ ಸುತ್ತಲಿನ ಲೋಕಕ್ಕೂ ಇರುವ ಎಲ್ಲ ಸಂಬಂಧಗಳ ವಿಜ್ಞಾನ. ಇಂದು ನಾವು ಪಶ್ಚಿಮ ಘಟ್ಟದ ಬಗ್ಗೆ, ಕೆರೆಗಳ ಬಗ್ಗೆ ಹೋರಾಟ ಮಾಡುವಾಗ ಬಳಸುವ ಪದ ಇದೇ ಪುಸ್ತಕದ ಕೊಡುಗೆ. ಗಿಡವೂ ಅಲ್ಲದ, ಪ್ರಾಣಿಯೂ ಅಲ್ಲದ ಜೀವಿಗಳಿಗೆ ಪ್ರೋಟಿಸ್ಟ ಅನ್ನೋ ಮೂರನೇ ಸಾಮ್ರಾಜ್ಯವನ್ನೂ ಅಲ್ಲೇ ಕಟ್ಟಿಕೊಟ್ಟ. ಅದೇ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿಗೆ ಹೋಗಿ ಡಾರ್ವಿನ್‌ನನ್ನು ಅವರ ಮನೆಯಲ್ಲೇ ಭೇಟಿಯಾದ.

ಕಾಣಬೇಕಾದದ್ದನ್ನು ಕಂಡ ಕಣ್ಣು

ಹೆಕೆಲ್‌ನ ದೊಡ್ಡ ಶಕ್ತಿಯೇ ಅವನ ದೊಡ್ಡ ತೊಂದರೆಯೂ ಆಗಿತ್ತು. ಅವನಿಗೆ ವಿನ್ಯಾಸ ಬೇಗ ಕಾಣುತ್ತಿತ್ತು. ಒಮ್ಮೊಮ್ಮೆ ಇಲ್ಲದ ಕಡೆಯೂ ಕಾಣುತ್ತಿತ್ತು.

1868ರಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದ ಸೃಷ್ಟಿಯ ಸಹಜ ಇತಿಹಾಸ ಭಾರೀ ಜನಪ್ರಿಯವಾಯಿತು. ಭ್ರೂಣ ಬೆಳೆಯುವಾಗ ತನ್ನ ವಂಶದ ವಿಕಾಸದ ಇತಿಹಾಸವನ್ನು ಮತ್ತೆ ಅಭಿನಯಿಸುತ್ತದೆ ಅನ್ನೋದು ಅವನ ಸಿದ್ಧಾಂತ. ಅದನ್ನು ತೋರಿಸಲು ನಾಯಿ, ಕೋಳಿ, ಆಮೆಯ ಭ್ರೂಣಗಳ ಚಿತ್ರಗಳನ್ನು ಪಕ್ಕಪಕ್ಕ ಅಚ್ಚು ಹಾಕಿದ. ಮೂರೂ ಒಂದೇ ಥರ ಇದ್ದವು. ಇರಲೇಬೇಕಿತ್ತು, ಯಾಕಂದ್ರೆ ಒಂದೇ ಅಚ್ಚನ್ನು ಮೂರು ಸಲ ಒತ್ತಲಾಗಿತ್ತು. ಬಾಸೆಲ್‌ನ ಪ್ರಾಣಿವಿಜ್ಞಾನಿ ರೂಟಿಮೇಯರ್ ಇದನ್ನು ಹಿಡಿದುಹಾಕಿದರು. ಮುಂದಿನ ಆವೃತ್ತಿಯಲ್ಲಿ ಹೆಕೆಲ್ ಅದನ್ನು ಬದಲಿಸಿದ. ಬೆನ್ನೆಲುಬಿರುವ ಪ್ರಾಣಿಗಳ ಭ್ರೂಣಗಳಲ್ಲಿ ಹೋಲಿಕೆ ನಿಜವಾಗಿಯೂ ಇದೆ, ಅದಕ್ಕೆ ಸಮಾನ ಪೂರ್ವಜರೇ ಕಾರಣ. ಆದರೆ ಭ್ರೂಣ ಇತಿಹಾಸವನ್ನು ಪುನರಾವರ್ತಿಸುತ್ತದೆ ಅನ್ನೋ ನಿಯಮ ನಿಲ್ಲಲಿಲ್ಲ. ವಿಕಾಸವಾದವನ್ನು ವಿರೋಧಿಸುವವರು ಇವತ್ತಿಗೂ ಬೀಸುವ ಕತ್ತಿ ಈ ಚಿತ್ರಗಳೇ.

ಅದೇ ವರ್ಷ ಇನ್ನೊಂದು ಎಡವಟ್ಟು. ಅಟ್ಲಾಂಟಿಕ್ ತಳದಿಂದ ತೆಗೆದು ಆಲ್ಕೊಹಾಲ್‌ನಲ್ಲಿಟ್ಟಿದ್ದ ಕೆಸರಿನಲ್ಲಿ ಇಂಗ್ಲೆಂಡಿನ ಥಾಮಸ್ ಹಕ್ಸ್‌ಲಿಗೆ ಲೋಳೆಯಂಥದ್ದು ಕಂಡಿತು. ಜೀವದ ಮೂಲ ರೂಪವೇ ಇದಿರಬೇಕು ಅಂತ ಅದಕ್ಕೆ ಹೆಕೆಲ್‌ನ ಹೆಸರನ್ನು ಸೇರಿಸಿ ಬ್ಯಾಥಿಬಿಯಸ್ ಹೆಕೆಲಿ ಅಂತ ಕರೆದರು. 1875ರಲ್ಲಿ ಚಾಲೆಂಜರ್ ಹಡಗಿನ ರಸಾಯನಶಾಸ್ತ್ರಜ್ಞ ಜಾನ್ ಬುಕಾನನ್ ಗುಟ್ಟು ಬಿಚ್ಚಿದರು. ಸಮುದ್ರದ ನೀರಿಗೆ ಆಲ್ಕೊಹಾಲ್ ಬೆರೆತಾಗ ಹೆಪ್ಪುಗಟ್ಟುವ ಕ್ಯಾಲ್ಸಿಯಂ ಸಲ್ಫೇಟ್ ಅದು. ಹಕ್ಸ್‌ಲಿ ಒಪ್ಪಿಕೊಂಡು ಕೈತೊಳೆದುಕೊಂಡರು. ಹೆಕೆಲ್ ಮಾತ್ರ ಇನ್ನೂ ಕೆಲ ಕಾಲ ಬಿಟ್ಟುಕೊಡಲಿಲ್ಲ.

ಆದರೆ ಅದೇ ಚಾಲೆಂಜರ್ ಅವನ ಬದುಕಿನ ದೊಡ್ಡ ಕೆಲಸವನ್ನೂ ಕೊಟ್ಟಿತು. 1872ರಿಂದ 1876ರವರೆಗೆ ಜಗತ್ತಿನ ಸಾಗರಗಳನ್ನು ಸುತ್ತಿದ ಆ ಬ್ರಿಟಿಷ್ ಹಡಗು ತಂದ ರೇಡಿಯೋಲೇರಿಯ ಮಾದರಿಗಳೆಲ್ಲ ಯೇನಾಕ್ಕೆ ಬಂದವು. ಹೆಕೆಲ್ ಹತ್ತು ವರ್ಷ ಕೂತ. 1887ರಲ್ಲಿ ಬಂದ ವರದಿಯಲ್ಲಿ 1,800ಕ್ಕೂ ಹೆಚ್ಚು ಪುಟ, 140 ಚಿತ್ರಪಟ. ಒಟ್ಟು 4,318 ಪ್ರಭೇದಗಳ ವಿವರ, ಅದರಲ್ಲಿ 3,508 ಹೊಸವು. ಪ್ರತಿಯೊಂದಕ್ಕೂ ಲ್ಯಾಟಿನ್ ಹೆಸರು, ಪ್ರತಿಯೊಂದಕ್ಕೂ ಅಳತೆ. ಕಂಪ್ಯೂಟರ್ ಇಲ್ಲ, ಸಾಫ್ಟ್‌ವೇರ್ ಇಲ್ಲ. ಮುಂದೆ ಇವುಗಳಲ್ಲಿ ಎಷ್ಟೋ ಹೆಸರುಗಳನ್ನು ಒಟ್ಟು ಮಾಡಬೇಕಾಯಿತು, ಕೆಲವನ್ನು ಕೈಬಿಡಬೇಕಾಯಿತು. ಆದರೂ ಈ ಗುಂಪಿನ ಮೇಲೆ ಕೆಲಸ ಮಾಡುವವರು ಇವತ್ತಿಗೂ ಈ ವರದಿಯನ್ನು ತೆರೆಯದೆ ಮುಂದೆ ಹೋಗೋಕಾಗಲ್ಲ.

ಸಿಂಹಳದ ಆ ಹುಡುಗ

1881ರ ಕೊನೆಯಲ್ಲಿ ಹೆಕೆಲ್ ನಮ್ಮ ಕಡೆಗೂ ಬಂದ. ಹಡಗು ಮೊದಲು ಮುಂಬೈ ಮುಟ್ಟಿತು, ಅಲ್ಲಿಂದ ಸಿಂಹಳಕ್ಕೆ, ಅಂದ್ರೆ ಇವತ್ತಿನ ಶ್ರೀಲಂಕಾಕ್ಕೆ. ದ್ವೀಪದ ದಕ್ಷಿಣ ತೀರದ ವೆಲಿಗಾಮದ ವಿಶ್ರಾಂತಿಗೃಹವೇ ಅವನ ಪ್ರಯೋಗಶಾಲೆಯಾಯಿತು. ಕೊಲ್ಲಿಯಲ್ಲಿ ಬಲೆ ಎಳೆದ. ಆದರೆ ಉಷ್ಣವಲಯದ ಸೆಕೆಯಲ್ಲಿ ಹಿಡಿದ ಲೋಳೆಜೀವಿಗಳು ನೋಡನೋಡುತ್ತಲೇ ಸತ್ತು ಕೊಳೆಯುತ್ತಿದ್ದವು.

ಅಲ್ಲಿ ಅವನ ಸೇವೆಗೆ ಗಮಮೇದ ಅನ್ನೋ ಹುಡುಗನಿದ್ದ. ರೋಡಿಯಾ ಜಾತಿಯವನು. ಸಿಂಹಳೀಯ ಸಮಾಜದಲ್ಲಿ ರೋಡಿಯಾಗಳು ಅಸ್ಪೃಶ್ಯರು, ಊರ ಹೊರಗಿನವರು. ಹೆಕೆಲ್ ಅವನನ್ನು ಗ್ರೀಕ್ ಪುರಾಣದ ಗ್ಯಾನಿಮೀಡ್ ಹೆಸರಿನಿಂದ ಕರೆದ. ಪ್ರವಾಸದ ಪುಸ್ತಕದಲ್ಲಿ ಅವನ ಚೆಲುವು, ಚುರುಕು, ನಿಷ್ಠೆಯ ಬಗ್ಗೆ ಅಕ್ಕರೆಯಿಂದ ಬರೆದ. ಹೊರಡುವಾಗ ಆ ಹುಡುಗ ಅತ್ತದ್ದನ್ನೂ ದಾಖಲಿಸಿದ. ಜಾತಿಯ ಕಾರಣಕ್ಕೆ ಊರು ಮುಟ್ಟದ ಹುಡುಗನನ್ನು ಪಕ್ಕದಲ್ಲಿ ಇಟ್ಟುಕೊಂಡದ್ದು ಸಣ್ಣ ಮಾತಲ್ಲ. ಆದರೆ ಆ ಪುಟಗಳಲ್ಲಿ ಗಮಮೇದ ಒಂದು ಚಂದದ ಮಾದರಿಯ ಹಾಗೆಯೇ ಕಾಣುತ್ತಾನೆ. ಅವನ ಜನ ಯಾಕೆ ಹೊರಗಿದ್ದಾರೆ, ಯಾರು ಹೊರಗಿಟ್ಟರು ಅನ್ನೋ ಪ್ರಶ್ನೆ ಅಲ್ಲಿ ಗಟ್ಟಿಯಾಗಿ ಏಳೋದೇ ಇಲ್ಲ. ಜೀವಿ ಮತ್ತು ಅದರ ಸುತ್ತಲಿನ ಲೋಕದ ಸಂಬಂಧಕ್ಕೆ ಒಂದು ವಿಜ್ಞಾನವನ್ನೇ ಹೆಸರಿಸಿದವನಿಗೆ ಹೊಳೆಯಬೇಕಿದ್ದ ಪ್ರಶ್ನೆ ಅದು.

ಎಣಿಸಬೇಕೋ, ನೋಡಬೇಕೋ?

ಪ್ಲಾಂಕ್ಟನ್ ಅನ್ನೋ ಪದ ಮಾತ್ರ ಹೆಕೆಲ್‌ನದ್ದಲ್ಲ. 1887ರಲ್ಲಿ ಅದನ್ನು ಕೊಟ್ಟವರು ಕೀಲ್ ನಗರದ ವಿಕ್ಟರ್ ಹೆನ್ಸೆನ್. ಅವರ ಪ್ರಶ್ನೆ ಸರಳ: ಒಂದು ಸಮುದ್ರ ಎಷ್ಟು ಮೀನನ್ನು ಸಾಕಬಲ್ಲದು? ಅದು ಗೊತ್ತಾಗಬೇಕಾದರೆ ಮೀನಿನ ಊಟದ ಊಟವನ್ನು ಎಣಿಸಬೇಕು. 1889ರಲ್ಲಿ ನ್ಯಾಷನಲ್ ಅನ್ನೋ ಹಡಗಿನಲ್ಲಿ ಅಟ್ಲಾಂಟಿಕ್ ಸುತ್ತಿ, ಅಳತೆಯ ಬಲೆಯನ್ನು ಆಳದಿಂದ ಮೇಲಕ್ಕೆ ನೇರವಾಗಿ ಎಳೆದು, ಸಿಕ್ಕಿದ್ದನ್ನು ಎಣಿಸಿದರು. ಬಂದ ಉತ್ತರ ಎಲ್ಲರನ್ನೂ ಬೆಚ್ಚಿಬೀಳಿಸಿತು. ಉಷ್ಣವಲಯದ ನೀಲಿ ಸಮುದ್ರಕ್ಕಿಂತ ಉತ್ತರದ ತಣ್ಣನೆಯ ನೀರಿನಲ್ಲೇ ಪ್ಲಾಂಕ್ಟನ್ ಹೆಚ್ಚು.

ಹೆಕೆಲ್ ಕೆರಳಿದ. 1890ರಲ್ಲಿ ಒಂದು ಪುಸ್ತಕವನ್ನೇ ಬರೆದು ಹೆನ್ಸೆನ್ ವಿಧಾನ ವ್ಯರ್ಥ ಅಂತ ಸಾರಿದ. ಪ್ಲಾಂಕ್ಟನ್ ಎಲ್ಲ ಕಡೆ ಸಮನಾಗಿ ಹರಡಿಲ್ಲ, ಗುಂಪು ಗುಂಪಾಗಿದೆ, ಕೆಲವು ಕಡೆ ಬಲೆ ಹಾಕಿ ಇಡೀ ಸಾಗರದ ಲೆಕ್ಕ ಹೇಳೋಕಾಗಲ್ಲ ಅನ್ನೋದು ಅವನ ವಾದ. ಇಂಜಿನಿಯರಿಂಗ್‌ನಲ್ಲಿ ಸ್ಯಾಂಪ್ಲಿಂಗ್ ಓದಿದ ನನಗೆ ಈ ಜಗಳ ತುಂಬಾ ಇಷ್ಟ. ಯಾಕಂದ್ರೆ ಇಬ್ಬರೂ ಅರ್ಧ ಸರಿ. ಒಟ್ಟು ರಾಶಿಯ ವಿಷಯದಲ್ಲಿ ಹೆನ್ಸೆನ್ ಗೆದ್ದರು. ಉಷ್ಣವಲಯದ ಬಹುಪಾಲು ಸಮುದ್ರದಲ್ಲಿ ಬೆಚ್ಚಗಿನ ಮೇಲ್ಪದರ ಮುಚ್ಚಳದಂತೆ ಕೂತು ಆಳದ ಪೋಷಕಾಂಶಗಳು ಮೇಲೆ ಬರದಂತೆ ತಡೆಯುತ್ತದೆ. ಹಾಗಾಗಿ ಅಲ್ಲಿ ರಾಶಿ ಕಡಿಮೆ. ಆದರೆ ಪ್ಲಾಂಕ್ಟನ್ ತೇಪೆ ತೇಪೆಯಾಗಿರುತ್ತದೆ ಅನ್ನೋದು ನಿಜ, ಉಷ್ಣವಲಯದಲ್ಲಿ ಬಗೆಗಳು ಹೆಚ್ಚು ಅನ್ನೋದೂ ನಿಜ. ಅದೇ ಜಗಳದ ಪುಸ್ತಕದಲ್ಲಿ ಹೆಕೆಲ್ ಈಜುವ ಜೀವಿಗಳಿಗೆ ನೆಕ್ಟನ್, ತಳದಲ್ಲಿರುವವಕ್ಕೆ ಬೆಂಥೋಸ್ ಅಂತ ಹೆಸರಿಟ್ಟ. ಎರಡೂ ಇವತ್ತು ಪಠ್ಯಪುಸ್ತಕದಲ್ಲಿವೆ.

ಏಣಿ

ಶತಮಾನ ತಿರುಗುವ ಹೊತ್ತಿಗೆ ಹೆಕೆಲ್ ಲೋಕಪ್ರಸಿದ್ಧ. 1899ರಿಂದ 1904ರವರೆಗೆ ಕಂತುಗಳಲ್ಲಿ ಬಂದ ಪ್ರಕೃತಿಯ ಕಲಾರೂಪಗಳು ಪುಸ್ತಕದ 100 ಚಿತ್ರಪಟಗಳು ಕಲಾವಿದರನ್ನು ಹುಚ್ಚೆಬ್ಬಿಸಿದವು. 1900ರ ಪ್ಯಾರಿಸ್ ಮಹಾಪ್ರದರ್ಶನದ ದೊಡ್ಡ ಹೆಬ್ಬಾಗಿಲನ್ನು ವಾಸ್ತುಶಿಲ್ಪಿ ರೆನೆ ಬಿನೆ ಹೆಕೆಲ್‌ನ ರೇಡಿಯೋಲೇರಿಯಗಳನ್ನು ನೋಡಿಯೇ ರೂಪಿಸಿದರು. 1899ರ ವಿಶ್ವದ ಒಗಟುಗಳು ಪುಸ್ತಕ ಲಕ್ಷಗಟ್ಟಲೆ ಮಾರಾಟವಾಗಿ ಹತ್ತಾರು ಭಾಷೆಗಳಿಗೆ ಹೋಯಿತು. ದೇವರು, ಆತ್ಮ, ಪವಾಡಗಳನ್ನು ಬದಿಗೆ ತಳ್ಳಿ ಪ್ರಕೃತಿಯೊಂದೇ ಸತ್ಯ ಅಂದ ಆ ಪುಸ್ತಕವನ್ನು ಪಾದ್ರಿಗಳು ಶಪಿಸಿದರು, ಕಾರ್ಮಿಕರು ಕೊಂಡು ಓದಿದರು. ವರ್ಗಸಂಘರ್ಷದಲ್ಲಿ ಅದೊಂದು ಆಯುಧ ಅಂತ ಲೆನಿನ್ ಹೊಗಳಿದರು. 1906ರಲ್ಲಿ ಯೇನಾದಲ್ಲಿ ಏಕತತ್ವವಾದಿಗಳ ಸಂಘ ಹುಟ್ಟಿತು. ಅದರಲ್ಲಿ ಶಾಂತಿವಾದಿಗಳಿದ್ದರು, ಸಲಿಂಗಿಗಳ ಹಕ್ಕಿಗಾಗಿ ಹೋರಾಡಿದ ಮಾಗ್ನುಸ್ ಹಿರ್ಶ್‌ಫೆಲ್ಡ್ ಕೂಡ ಇದ್ದರು.

ಇಲ್ಲಿಗೇ ನಿಲ್ಲಿಸಿದರೆ ಚಂದದ ವಿಚಾರವಾದಿ ಕತೆ. ಆದರೆ ಸೃಷ್ಟಿಯ ಸಹಜ ಇತಿಹಾಸದ ಕೊನೆಯ ಭಾಗಗಳಿಗೆ ಹೋಗಬೇಕು. ಅಲ್ಲಿ ಹೆಕೆಲ್ ಮನುಷ್ಯರನ್ನು ಒಂದು ಪ್ರಭೇದ ಅಂತ ಒಪ್ಪಲಿಲ್ಲ. ಕೂದಲು, ತಲೆಬುರುಡೆ, ಭಾಷೆ ನೋಡಿ 12 ಪ್ರಭೇದಗಳಾಗಿ ಒಡೆದ. ತುದಿಯಲ್ಲಿ ಯುರೋಪಿಯನ್ನರಿರುವ ಮೆಡಿಟರೇನಿಯನ್ ಪ್ರಭೇದ. ಬುಡದಲ್ಲಿ ಆಫ್ರಿಕಾದವರು, ಪಾಪುವಾದವರು, ಆಸ್ಟ್ರೇಲಿಯಾದ ಮೂಲನಿವಾಸಿಗಳು, ವಾನರರಿಗೆ ಹತ್ತಿರದವರೆಂಬ ಹಣೆಪಟ್ಟಿಯೊಂದಿಗೆ. ನಾವೂ ಆ ಪಟ್ಟಿಯಲ್ಲಿದ್ದೇವೆ. ದಖ್ಖನ್ ಮತ್ತು ಸಿಂಹಳದ ಜನರಿಗೆ ಅವನು ಕೊಟ್ಟ ಹೆಸರು ಹೋಮೋ ದ್ರಾವಿಡ. ಅಂದ್ರೆ ಈ ಲೇಖನ ಬರೆಯುತ್ತಿರುವ ನಾನು, ಓದುತ್ತಿರುವ ನೀವು, ವೆಲಿಗಾಮದ ಗಮಮೇದ, ಎಲ್ಲರೂ ಅವನ ಲೆಕ್ಕದಲ್ಲಿ ಬೇರೆಯದೇ ಪ್ರಭೇದ.

ಮಾತು ಅಲ್ಲಿಗೂ ಮುಗಿಯಲ್ಲ. ದುರ್ಬಲ ಶಿಶುಗಳನ್ನು ಸಾಯಬಿಡುತ್ತಿದ್ದ ಪ್ರಾಚೀನ ಸ್ಪಾರ್ಟಾದ ಪದ್ಧತಿಯನ್ನು ಅವನು ಮೆಚ್ಚಿ ಬರೆದ. 1904ರ ಬದುಕಿನ ಅಚ್ಚರಿಗಳು ಪುಸ್ತಕದಲ್ಲಿ ವಾಸಿಯಾಗದ ರೋಗಿಗಳನ್ನು, ತೀವ್ರ ಅಂಗವೈಕಲ್ಯದ ಶಿಶುಗಳನ್ನು ನೋವಿಲ್ಲದೆ ಕೊಲ್ಲುವುದನ್ನು ಸಮರ್ಥಿಸಿದ. 1905ರಲ್ಲಿ ಹುಟ್ಟಿದ ಜನಾಂಗ ನೈರ್ಮಲ್ಯ ಸಂಘದ ಗೌರವ ಸದಸ್ಯನಾದ. ಜರ್ಮನಿಯ ವಿಸ್ತರಣೆ ಬಯಸುವ ಉಗ್ರ ರಾಷ್ಟ್ರವಾದಿ ಸಂಘ ಸೇರಿದ. 1914ರಲ್ಲಿ ಯುದ್ಧ ಶುರುವಾದಾಗ, ಬೆಲ್ಜಿಯಂ ಮೇಲಿನ ದಾಳಿಯನ್ನು ಸಮರ್ಥಿಸಿದ 93 ಬುದ್ಧಿಜೀವಿಗಳ ಹೇಳಿಕೆಗೆ ಸಹಿ ಹಾಕಿದ. 1919ರ ಆಗಸ್ಟ್ 9ರಂದು ಯೇನಾದ ತನ್ನ ಮನೆಯಲ್ಲಿ ತೀರಿಕೊಂಡ. ಆ ಮನೆಯ ಹೆಸರು ವಿಲ್ಲಾ ಮೆಡೂಸಾ, ಲೋಳೆಮೀನಿನ ಮನೆ.

ಅವನು ಸತ್ತ 20 ವರ್ಷಕ್ಕೆ ನಾಜಿಗಳು ಅಂಗವಿಕಲರನ್ನು, ಮಾನಸಿಕ ರೋಗಿಗಳನ್ನು ಕೊಲ್ಲಲು ಶುರುಮಾಡಿದರು. ಟಿ4 ಹೆಸರಿನ ಆ ಯೋಜನೆಯಲ್ಲಿ ಎರಡೇ ವರ್ಷಕ್ಕೆ 70 ಸಾವಿರಕ್ಕೂ ಹೆಚ್ಚು ಜನ ಸತ್ತರು. ಇದಕ್ಕೆ ಹೆಕೆಲ್ ಎಷ್ಟು ಹೊಣೆ? ಇತಿಹಾಸಕಾರರು ಒಪ್ಪಿಲ್ಲ. ಡೇನಿಯಲ್ ಗ್ಯಾಸ್ಮನ್ ನೇರ ಗೆರೆ ಎಳೆದರು. ರಾಬರ್ಟ್ ರಿಚರ್ಡ್ಸ್ ಅದು ಅತಿಯಾಯಿತು ಅಂದರು. 1933ರಲ್ಲಿ ಏಕತತ್ವವಾದಿಗಳ ಸಂಘವನ್ನು ಮುಚ್ಚಿಸಿದ್ದೂ ನಾಜಿಗಳೇ ಅನ್ನೋದು ನಿಜ. ನನ್ನ ಮಟ್ಟಿಗೆ ಕೊಲೆಗಾರರನ್ನು ಅವನು ಕಲ್ಪಿಸಿಕೊಂಡಿದ್ದನೋ ಇಲ್ಲವೋ ಅನ್ನೋದು ಮುಖ್ಯವಲ್ಲ. ಯಾರ ಬದುಕಿಗೆ ಎಷ್ಟು ಬೆಲೆ ಅಂತ ಪಟ್ಟಿ ಮಾಡಬಹುದು ಅನ್ನೋ ಧೈರ್ಯವನ್ನು ದೊಡ್ಡ ವಿಜ್ಞಾನಿಯೊಬ್ಬ ಲಕ್ಷಾಂತರ ಓದುಗರಿಗೆ ಕೊಟ್ಟ. ಅದಕ್ಕೆ ಅವನು ಹೊಣೆ. ಅದೇ ಕಾಲದಲ್ಲಿ, 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲಿ ಭಾರತದಲ್ಲಿ ಮೂಗಿನ ಅಳತೆ ಹಿಡಿದು ಜಾತಿಗಳಿಗೆ ಜನಾಂಗದ ಲೆಕ್ಕ ಬರೆಯುತ್ತಿದ್ದರು. ಏಣಿಯ ಹುಚ್ಚು ಯೇನಾಕ್ಕೆ ಸೀಮಿತವಾಗಿರಲಿಲ್ಲ. ನಮ್ಮಲ್ಲಂತೂ ಅದಕ್ಕೆ ಹಳೆಯ ಏಣಿಯೊಂದು ಸಿದ್ಧವಾಗಿಯೇ ಇತ್ತು.

ಬಲೆಗೆ ಸಿಗದವು

ಹೆಕೆಲ್‌ನ ಏಣಿಗೆ ಉತ್ತರ ಅವನ ಸೂಕ್ಷ್ಮದರ್ಶಕದ ಕೆಳಗೇ ಇತ್ತು. ರೇಡಿಯೋಲೇರಿಯಗಳ ಒಳಗೆ ಅವನು ಹಳದಿ ಕಣಗಳನ್ನು ಕಂಡಿದ್ದ. 1870ರಲ್ಲಿ ಅವುಗಳಲ್ಲಿ ಪಿಷ್ಟ ಇದೆ ಅಂತಲೂ ಪತ್ತೆ ಮಾಡಿದ. ಅವು ಆ ಜೀವಿಯ ಅಂಗಗಳಲ್ಲ, ಒಳಗೆ ಬದುಕುತ್ತಿರುವ ಬೇರೆಯದೇ ಪಾಚಿಗಳು ಅಂತ ಮುಂದೆ ಬೇರೆಯವರು ತೋರಿಸಿದರು. ಪಾಚಿ ಬಿಸಿಲಿನಿಂದ ಸಕ್ಕರೆ ಮಾಡಿ ಕೊಡುತ್ತದೆ, ರೇಡಿಯೋಲೇರಿಯ ಆಸರೆ, ಪೋಷಕಾಂಶ ಕೊಡುತ್ತದೆ. ಪೋಷಕಾಂಶ ಕಡಿಮೆ ಇರುವ ನೀಲಿ ಸಮುದ್ರದಲ್ಲಿ ಇವು ಬದುಕಿರೋದೇ ಈ ಕೂಡುಬಾಳ್ವೆಯಿಂದ. ಇಲ್ಲಿ ಯಾರು ಮೇಲು, ಯಾರು ಕೀಳು?

ಅವನಿಗೆ ಕಾಣದ ಇನ್ನೂ ಎಷ್ಟೋ ಆ ನೀರಿನಲ್ಲೇ ಇದ್ದವು. 1980ರ ದಶಕದಲ್ಲಿ ಸ್ಯಾಲಿ ಚಿಶೋಮ್, ರಾಬರ್ಟ್ ಓಲ್ಸನ್ ಮತ್ತು ಸಂಗಡಿಗರು ಪ್ರೊಕ್ಲೋರೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಪತ್ತೆ ಮಾಡಿದರು. ಗಾತ್ರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ದ್ಯುತಿಸಂಶ್ಲೇಷಣೆ ಮಾಡುವ ಜೀವಿಗಳಲ್ಲಿ ಅತಿ ಚಿಕ್ಕದು, ಅತಿ ಹೆಚ್ಚು ಸಂಖ್ಯೆಯದ್ದೂ ಅದೇ. ಹಳೆಯ ಬಲೆಗಳ ಕಣ್ಣಿನಿಂದ ಅದು ಸುಮ್ಮನೆ ನುಸುಳಿಹೋಗುತ್ತಿತ್ತು. 2009ರಿಂದ 2013ರವರೆಗೆ ತಾರಾ ಹಡಗು ಸಾಗರಗಳನ್ನು ಸುತ್ತಿ ತಂದ ನೀರಿನ ಡಿಎನ್‌ಎ ಓದಿದಾಗ, ಬಿಸಿಲು ಬೀಳುವ ಪದರದಲ್ಲೇ ಕೋಶಕೇಂದ್ರವಿರುವ ಪ್ಲಾಂಕ್ಟನ್‌ಗಳ ಸುಮಾರು 1.5 ಲಕ್ಷ ಬಗೆಗಳು ಸಿಕ್ಕವು. ಸುಮಾರು ಮೂರನೇ ಒಂದು ಭಾಗ ಗೊತ್ತಿರುವ ಯಾವ ಗುಂಪಿಗೂ ಸೇರಲಿಲ್ಲ. ವೈವಿಧ್ಯದ ದೊಡ್ಡ ಪಾಲು ಇನ್ನೊಂದರ ಜೊತೆ ಅಥವಾ ಇನ್ನೊಂದರ ಮೇಲೆ ಬದುಕುವಂಥವುಗಳದ್ದು.

ಹೆನ್ಸೆನ್ ಜಗಳಕ್ಕೂ 2016ರಲ್ಲಿ ಒಂದು ತಿರುವು ಸಿಕ್ಕಿತು. ರೇಡಿಯೋಲೇರಿಯ ಮತ್ತು ಅದರ ಹತ್ತಿರದ ದೊಡ್ಡ ಗಾತ್ರದ ಜೀವಿಗಳು ತುಂಬಾ ನಾಜೂಕು, ಬಲೆಯಲ್ಲಿ ಒಡೆದು ಹೋಗುತ್ತವೆ. ನೀರಿನೊಳಗೇ ಕ್ಯಾಮೆರಾ ಇಳಿಸಿ ಫೋಟೋ ತೆಗೆದು ಎಣಿಸಿದಾಗ, ಮೇಲಿನ 200 ಮೀಟರ್ ನೀರಿನಲ್ಲಿ ಇವುಗಳ ಪಾಲು ಎಲ್ಲರೂ ಅಂದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು ಅಂತ ಗೊತ್ತಾಯಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಲೆಕ್ಕದಿಂದ ಹೊರಗಿದ್ದದ್ದು ಅವು ಕಡಿಮೆ ಇದ್ದವು ಅಂತಲ್ಲ. ಎಣಿಸುವ ಸಾಧನವೇ ಅವನ್ನು ಒಡೆದುಹಾಕುತ್ತಿತ್ತು. ಜಾತಿಗಣತಿ ಬಗ್ಗೆ ವಾದ ಮಾಡುವ ನಮಗೆ ಇದು ಹೊಸ ಪಾಠವೇನಲ್ಲ.

ಇದು ದೂರದ ಕಡಲಿನ ಮಾತೂ ಅಲ್ಲ. ಮುಂಗಾರಿನ ಗಾಳಿಗೆ ನಮ್ಮ ಪಶ್ಚಿಮ ತೀರದಲ್ಲಿ ಆಳದ ತಣ್ಣನೆಯ ನೀರು ಪೋಷಕಾಂಶ ಹೊತ್ತು ಮೇಲೆ ಬರುತ್ತದೆ, ಡಯಾಟಮ್‌ಗಳು ಉಕ್ಕುತ್ತವೆ, ಅದನ್ನು ತಿಂದು ಬೂತಾಯಿ ಬೆಳೆಯುತ್ತದೆ. ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳ ಆದಾಯ ಏರಿಳಿಯೋದರಲ್ಲಿ ಈ ಕಾಣದ ಬೆಳೆಯ ಕೈ ಇದೆ. ಸಮುದ್ರ ಬಿಸಿಯಾದಂತೆ ಆ ಬೆಚ್ಚಗಿನ ಮುಚ್ಚಳ ಗಟ್ಟಿಯಾಗುತ್ತದೆ, ಪೋಷಕಾಂಶ ಮೇಲೆ ಬರೋದು ಕಷ್ಟವಾಗುತ್ತದೆ. ಪ್ಲಾಂಕ್ಟನ್ ಹೀರಿದ ಇಂಗಾಲದಲ್ಲಿ ಒಂದು ಭಾಗ ಸತ್ತ ದೇಹ, ಮಲದ ರೂಪದಲ್ಲಿ ಆಳಕ್ಕೆ ಇಳಿದು ನೂರಾರು ವರ್ಷ ಅಲ್ಲೇ ಉಳಿಯುತ್ತದೆ. ಆ ಪಂಪ್ ನಿಧಾನವಾದರೆ ಗಾಳಿಯಲ್ಲಿ ಉಳಿಯುವ ಇಂಗಾಲ ಹೆಚ್ಚುತ್ತದೆ.

2023ರಲ್ಲಿ ಎನ್‌ಸಿಇಆರ್‌ಟಿ 10ನೇ ತರಗತಿಯ ಪುಸ್ತಕದಿಂದ ವಿಕಾಸದ ಪಾಠ ತೆಗೆದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಪ್ರತಿಭಟಿಸಿ ಸಹಿ ಹಾಕಿದರು. ಆ ಪಾಠ ವಾಪಸ್ ಬರಬೇಕು ಅನ್ನುವವರಲ್ಲಿ ನಾನೂ ಒಬ್ಬ. ಬಂದಾಗ ಅದರಲ್ಲಿ ಹೆಕೆಲ್ ಪೂರ್ತಿಯಾಗಿ ಇರಲಿ ಅನ್ನೋದು ನನ್ನ ಆಸೆ. ವಿಕಾಸವಾದದ ಎದುರಾಳಿಗಳು ಅವನ ಭ್ರೂಣದ ಚಿತ್ರ ತೋರಿಸಿ ನಮ್ಮ ಮಕ್ಕಳ ಬಾಯಿ ಮುಚ್ಚಿಸುವ ಮೊದಲು, ಆ ತಪ್ಪನ್ನು ಹಿಡಿದದ್ದು ವಿಜ್ಞಾನಿಗಳೇ ಅಂತ ನಾವೇ ಹೇಳಿರಬೇಕು. ಅವನ ಏಣಿಯ ಬಗ್ಗೆಯೂ ನಾವೇ ಹೇಳಿರಬೇಕು.

ಯೇನಾದವರು ಇದನ್ನು ಮಾಡಿದ್ದಾರೆ. 2019ರಲ್ಲಿ, ಹೆಕೆಲ್ ಸತ್ತು ನೂರು ವರ್ಷವಾದಾಗ, ಅದೇ ಊರಿನಲ್ಲಿ ನಡೆದ ಜರ್ಮನ್ ಪ್ರಾಣಿವಿಜ್ಞಾನ ಸಂಘದ ಸಮ್ಮೇಳನದಲ್ಲಿ ಒಂದು ಘೋಷಣೆ ಹೊರಬಂತು. ಮನುಷ್ಯರಲ್ಲಿ ಜನಾಂಗಗಳೆಂಬ ಜೈವಿಕ ವಿಭಾಗಗಳಿಲ್ಲ, ಜನಾಂಗ ಅನ್ನೋ ಕಲ್ಪನೆಯೇ ಜನಾಂಗದ್ವೇಷದ ಫಲ, ಈ ತಪ್ಪನ್ನು ಬೆಳೆಸುವುದರಲ್ಲಿ ಹೆಕೆಲ್‌ಗೂ ಪಾಲಿದೆ ಅಂತ ಅವನ ವಿಶ್ವವಿದ್ಯಾಲಯದವರೇ ಹೇಳಿದರು. ಅವನ ಮ್ಯೂಸಿಯಂ ಮುಚ್ಚಲಿಲ್ಲ, ಚಿತ್ರಗಳನ್ನು ಕೆಳಗಿಳಿಸಲಿಲ್ಲ. ಅವನ ರೇಡಿಯೋಲೇರಿಯ ಹೆಸರುಗಳನ್ನು ಇವತ್ತೂ ಬಳಸುತ್ತಾರೆ, ಅವನ 12 ಪ್ರಭೇದಗಳನ್ನು ಯಾರೂ ಬಳಸಲ್ಲ.